ಆರನೇ ಸೂಜಿ

ಜೂನ್ 4

ಗೂಬೆಮರಿಗೆ,

ನೀನು ರಜೆ ಮುಗಿಸಿ ಹೋಗಿ ಹನ್ನೆರಡು ದಿನವಾಯಿತು. ತಲುಪಿದೆ ಎಂದು ಎರಡು ಸಾಲು ಗೀಚಿ ಹಾಕಿದ್ದೀಯ, ಸಂತೋಷ. ನಾನು ಬರೆಯುತ್ತಿರುವುದು ಬೇರೆ ವಿಷಯಕ್ಕೆ. ನನ್ನ ಆರನೇ ಸೂಜಿ ಕಾಣುತ್ತಿಲ್ಲ.

ಡಬ್ಬಿಯನ್ನು ಮೂರು ಸಲ ನೋಡಿದೆ. ದಬ್ಬಣದಿಂದ ಹಿಡಿದು ಐದನೆಯದರವರೆಗೆ ಎಲ್ಲವೂ ಬಟ್ಟೆಗೆ ಚುಚ್ಚಿಕೊಂಡು ಅವುಗಳ ಜಾಗದಲ್ಲಿ ನಿಂತಿವೆ. ಆರನೆಯದರ ಜಾಗ ಖಾಲಿ. ನನ್ನ ಬಿಟ್ಟರೆ ಆ ಡಬ್ಬಿ ಮುಟ್ಟಿದವಳು ನೀನೊಬ್ಬಳೇ. ಯಾರನ್ನೂ ಕಳ್ಳಿ ಅನ್ನುತ್ತಿಲ್ಲ. ಆದರೆ ಸೂಜಿಗೆ ಕಾಲಿಲ್ಲ.

ನಿನಗೆ ಗೊತ್ತಿರುವುದೇ, ಆದರೂ ಇನ್ನೊಮ್ಮೆ ಹೇಳುತ್ತೇನೆ. ಆ ಆರು ಸೂಜಿಗಳಿಂದಲೇ ಮೂವತ್ತೊಂದು ವರ್ಷ, ತಿಂಗಳು ತಪ್ಪದೆ, ಮಾಸಪತ್ರಿಕೆಯ ಆಕಾಶದ ಪುಟಕ್ಕೆ ನಕ್ಷತ್ರಗಳ ನಕ್ಷೆ ಮಾಡಿದ್ದೇನೆ. ಝಗಮಗ ಹೊಳೆಯುವ ಚುಕ್ಕಿಗೆ ದಬ್ಬಣ, ಅದಕ್ಕಿಂತ ಮಂಕಾದದ್ದಕ್ಕೆ ಎರಡನೆಯದು, ಹೀಗೆ ಇಳಿಯುತ್ತಾ ಕಣ್ಣಿಗೆ ಸಿಕ್ಕೂ ಸಿಗದ ಚುಕ್ಕಿಗೆ ಆರನೆಯದು. ಉಳಿದ ಐದರ ಮೊನೆ ಉಜ್ಜಿ ಮೊಂಡು ಮಾಡಿದ್ದೇನೆ. ಆರನೆಯದು ಮಣಿ ಪೋಣಿಸುವ ಸೂಜಿ, ಅದು ಇದ್ದ ಹಾಗೇ ಸಾಕು. ಶಾಯಿಗೆ ಅದ್ದಿ, ಉಸಿರು ಹಿಡಿದು, ಕಾಗದಕ್ಕೆ ತಾಗಿತೋ ಇಲ್ಲವೋ ಅನ್ನುವಷ್ಟು ತಾಗಿಸಬೇಕು. ಅಂಥದ್ದು ಇನ್ನೊಂದು ಸಿಗುವುದಿಲ್ಲ.

ಮೊನ್ನೆ ಕೆಳಗಿನ ಮನೆಯ ಟೈಲರಮ್ಮ ಪೇಪರ್ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು. "ನೋಡಿ, ನಿಮ್ಮ ಮಗಳು ಬಿಡಿಸಿದ ಧೂಮಕೇತು. ಕೆಳಗಡೆ ಹೆಸರೂ ಹಾಕಿದಾರೆ" ಅಂದಳು. ಹೌದಲ್ಲ ಅಂದೆ. ನನ್ನ ಪುಟದ ಕೆಳಗೆ ಇಷ್ಟು ವರ್ಷವೂ "ನಕ್ಷೆ: ನಮ್ಮ ಕಲಾವಿದರಿಂದ" ಎಂದಷ್ಟೇ ಇರುತ್ತದೆ. ನೀನು ಬೆಟ್ಟದ ಮೇಲಿನ ವೀಕ್ಷಣಾಲಯ ಸೇರಿ ಎರಡು ವರ್ಷವೂ ಆಗಿಲ್ಲ. ಇರಲಿ. ಬಾಲ ಸ್ವಲ್ಪ ದಪ್ಪವಾಯಿತು ಅನ್ನಿಸಿತು. ಪೇಪರಿನವರು ಕೆಡಿಸಿರಬಹುದು.

ಈ ತಿಂಗಳೂ ಒಬ್ಬ ಮಹನೀಯರು ಪತ್ರಿಕೆಗೆ ಬರೆದಿದ್ದಾರಂತೆ, ನಿಮ್ಮ ನಕ್ಷೆಯಲ್ಲಿ ಪೂರ್ವ ಎಡಗಡೆ ಬಂದಿದೆ, ತಿದ್ದಿಕೊಳ್ಳಿ ಎಂದು. ಆಕಾಶದ ನಕ್ಷೆಯನ್ನು ಮೇಜಿನ ಮೇಲಿಟ್ಟು ನೋಡಬಾರದು, ತಲೆಯ ಮೇಲೆ ಎತ್ತಿ ಹಿಡಿಯಬೇಕು, ಆಗ ಪೂರ್ವ ತಾನಾಗಿ ಪೂರ್ವಕ್ಕೆ ಹೋಗುತ್ತದೆ ಎಂದು ವರ್ಷಕ್ಕೊಮ್ಮೆ ಹೇಳಿ ಹೇಳಿ ನನಗೆ ಸಾಕಾಗಿದೆ.

ಸೂಜಿಯ ವಿಷಯ ಬರೆ.

ನಿನ್ನ ಅಮ್ಮ


ಜೂನ್ 15

ಅಮ್ಮ,

ಸೂಜಿ ನಾನೇ ತಂದೆ. ಕೇಳದೆ ತೆಗೆದುಕೊಂಡದ್ದು ತಪ್ಪು. ಇಲ್ಲಿ ಅಷ್ಟು ಸಣ್ಣದು ಸಿಗಲಿಲ್ಲ, ಆಸೆಯಾಯಿತು. ಬೇಕಿದ್ದರೆ ರಟ್ಟಿಗೆ ಚುಚ್ಚಿ ಅಂಚೆಯಲ್ಲಿ ಕಳಿಸುತ್ತೇನೆ.

ಬಾಲ ದಪ್ಪವಾದದ್ದು ನಿಜ. ಪೇಪರಿನವರದಲ್ಲ, ನನ್ನದೇ ತಪ್ಪು. ಚಳಿಗೆ ಕೈ ಮರಗಟ್ಟಿತ್ತು. ಇಲ್ಲಿ ದೊಡ್ಡ ಕ್ಯಾಮೆರಾ ಇದೆ, ಆದರೂ ನಮ್ಮ ಮುಖ್ಯಸ್ಥರು ಹಳೇ ಕಾಲದವರು. "ಕ್ಯಾಮೆರಾ ಎಲ್ಲವನ್ನೂ ಹಿಡಿಯುತ್ತೆ, ಯಾವುದನ್ನೂ ನೋಡಲ್ಲ" ಅನ್ನುತ್ತಾರೆ. ಅದಕ್ಕೇ ನನಗೆ ಸಂಬಳ ಬರುತ್ತಿದೆ.

ಹೊಸ ಕನ್ನಡಕ ಮಾಡಿಸುತ್ತೇನೆ ಅಂದಿದ್ದೆಯಲ್ಲ, ಹೋಗಿದ್ದೆಯಾ? ಮೇಜಿನ ದೀಪವೂ ಬದಲಾಗಬೇಕು. ನಾನು ಇದ್ದಾಗ ನೀನು ಕಾಗದವನ್ನು ಕಿಟಕಿಯ ಹತ್ತಿರ ಒಯ್ದು ಒಯ್ದು ನೋಡುತ್ತಿದ್ದೆ.

ಸೂಜಿ ಕಳಿಸಲಾ?

ಗೂಬೆಮರಿ


ಜುಲೈ 2

ಗೂಬೆಮರಿಗೆ,

ನನಗೆ ಗೊತ್ತಿತ್ತು. ನೀನು ಒಪ್ಪಿಕೊಂಡದ್ದು ಒಳ್ಳೆಯದಾಯಿತು. ಕಳಿಸುವುದೇನೂ ಬೇಡ, ನೀನೇ ಇಟ್ಟುಕೋ. ದೊಡ್ಡ ಜಾಗದಲ್ಲಿ ಕೆಲಸ ಮಾಡುವವಳು, ನಿನಗೇ ಉಪಯೋಗ. ನಾನು ಐದರಲ್ಲಿ ಸುಧಾರಿಸುತ್ತೇನೆ. ತೀರಾ ಮಂಕು ಚುಕ್ಕಿಗಳನ್ನು ಬಿಟ್ಟರಾಯಿತು. ಓದುವವರಲ್ಲಿ ಎಷ್ಟು ಜನ ಅವನ್ನು ಹುಡುಕುತ್ತಾರೆ?

ಸಂಪಾದಕರು ಪುಟ ತೆಗೆದುಕೊಂಡು ಹೋಗಲು ತಾವೇ ಬಂದಿದ್ದರು. "ಯಾಕಮ್ಮ, ಎರಡು ತಿಂಗಳಿಂದ ಆಕಾಶ ಖಾಲಿ ಖಾಲಿ ಕಾಣ್ತಿದೆಯಲ್ಲ?" ಅಂದರು. "ಸೂಜಿ ಮಗಳು ತಗೊಂಡು ಹೋಗಿದಾಳೆ, ಅವಳನ್ನೇ ಕೇಳಿ" ಅಂದೆ. "ಹಾಗಾದ್ರೆ ಅವರನ್ನೇ ಕೇಳೋಣ ಬಿಡಿ" ಎಂದು ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ. ನಿನಗೇನಾದರೂ ಬರೆದರೆ ನನಗೆ ತಿಳಿಸು.

ಕನ್ನಡಕ, ದೀಪ ಎಂದು ನನ್ನ ತಲೆ ತಿನ್ನಬೇಡ. ನಿನಗೆ ನೋಡುವುದನ್ನು ಕಲಿಸಿದವಳು ನಾನು. ಮಂಕು ಚುಕ್ಕಿಯನ್ನು ನೇರ ದಿಟ್ಟಿಸಿದರೆ ಮಾಯವಾಗುತ್ತದೆ, ಒಂಚೂರು ಪಕ್ಕಕ್ಕೆ ನೋಡು, ತಾನಾಗಿ ಕಣ್ಣಂಚಿಗೆ ಬಂದು ಕೂರುತ್ತದೆ ಎಂದು ನಿನ್ನ ಗಲ್ಲ ಹಿಡಿದು ತಿರುಗಿಸಿ ತೋರಿಸಿದವಳು ನಾನು. ಅಲ್ಲಿಯವರಿಗೆ ಇದನ್ನು ಹೇಳಿದ್ದೀಯಾ? ಯಾರಿಂದ ಕಲಿತದ್ದು ಎಂದು ಯಾರಾದರೂ ಕೇಳಿದರಾ? ಕೇಳಿರಲಿಕ್ಕಿಲ್ಲ. ಚಿತ್ರ ನೋಡಿದವರು ಹೆಸರು ಓದುತ್ತಾರೆ, ಅಷ್ಟೇ.

ನಿನ್ನ ಅಮ್ಮ


ಅಕ್ಟೋಬರ್ 27

ಅಮ್ಮ,

ಜುಲೈ ಆದಮೇಲೆ ನಿನ್ನಿಂದ ಪತ್ರವಿಲ್ಲ. ನಾನು ಬರೆದ ಎರಡಕ್ಕೂ ಉತ್ತರವಿಲ್ಲ. ಫೋನ್ ಮಾಡಿದರೆ ಟೈಲರಮ್ಮ ಎತ್ತಿ, "ಮಹಡಿ ಮೇಲಿದಾರೆ, ಕೆಲಸದಲ್ಲಿದಾರೆ" ಅನ್ನುತ್ತಾರೆ. ನಡುವೆ ಬಂದ ಒಂದು ಕಾರ್ಡಿನಲ್ಲೂ ವಿಳಾಸ ಮಾತ್ರ ನಿನ್ನ ಕೈಬರಹ, ಉಳಿದದ್ದು ಬೇರೆಯವರದ್ದು. ಗೆರೆ ಇದ್ದರೂ ನಿನ್ನ ಅಕ್ಷರ ಇಳಿಜಾರಿನಲ್ಲಿ ಜಾರಿದ ಹಾಗಿತ್ತು.

ಎರಡು ವಿಷಯ ಹೇಳಬೇಕು. ಹೇಗೆ ಹೇಳಿದರೂ ನಿನಗೆ ಕೋಪ ಬರುತ್ತದೆ, ಅದಕ್ಕೇ ನೆಟ್ಟಗೆ ಹೇಳುತ್ತೇನೆ.

ಸಂಪಾದಕರು ನನಗೆ ಬರೆದಿದ್ದಾರೆ. ಫೆಬ್ರವರಿಯಿಂದ ಆಕಾಶದ ಪುಟ ನಾನು ಮಾಡಬೇಕಂತೆ. ಹೆಸರು ಹಾಕುತ್ತಾರಂತೆ. ನಾನು ಇನ್ನೂ ಉತ್ತರ ಕೊಟ್ಟಿಲ್ಲ. ನಾನಾಗಿ ಕೇಳಿದ್ದೂ ಅಲ್ಲ.

ಇನ್ನೊಂದು, ನವೆಂಬರ್ ಸಂಚಿಕೆ ನಿನ್ನೆ ಇಲ್ಲಿಗೆ ಬಂತು. ತಿಮಿಂಗಿಲ ನಕ್ಷತ್ರಪುಂಜದ ಕೊರಳಿನ ಚುಕ್ಕಿಯನ್ನು ನೀನು ಎರಡನೇ ಸೂಜಿಯಲ್ಲಿ ಇಟ್ಟಿದ್ದೀಯ. ಹನ್ನೊಂದು ತಿಂಗಳಿಗೊಮ್ಮೆ ಹೊತ್ತಿ ಆರುವ ಚುಕ್ಕಿ ಅದು, ನಿನಗೆ ಹೇಳಬೇಕಾಗಿಲ್ಲ. ಈ ಸಲ ಆಗಸ್ಟಿನಲ್ಲೇ ಹೊತ್ತಿತ್ತು. ಈಗ ಇಲ್ಲಿಂದ ಬರಿಗಣ್ಣಿಗೆ ಸಿಗುತ್ತಿಲ್ಲ. ನಿನ್ನ ಮಹಡಿಯಿಂದ ಕಾಣಿಸುತ್ತಿದೆಯಾ? ಮೂರು ವರ್ಷದ ಹಿಂದಿನ ನವೆಂಬರ್ ಹಾಳೆ ನನ್ನ ಹತ್ತಿರ ಇದೆ. ಎರಡನ್ನೂ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದೆ. ಒಂದು ಚುಕ್ಕಿಯೂ ಆಚೀಚೆ ಆಗಿಲ್ಲ.

ನಾನು ಬೇರೇನೂ ಕೇಳುವುದಿಲ್ಲ ಅಮ್ಮ. ಡಾಕ್ಟರ ಹತ್ತಿರ ಹೋಗು.

ಗೂಬೆಮರಿ


ನವೆಂಬರ್ 6

ಮಗಳಿಗೆ,

ಬೆಳಕಿಗೆ ಹಿಡಿದು ನೋಡಿದೆಯಾ? ಹೆತ್ತ ತಾಯಿಯ ಕೆಲಸವನ್ನು ಖೋಟಾ ನೋಟು ಪರೀಕ್ಷೆ ಮಾಡುವ ಹಾಗೆ? ಭೇಷ್. ಕಲಿಸಿದ್ದು ಸಾರ್ಥಕವಾಯಿತು.

ಆ ಚುಕ್ಕಿ ನನಗೆ ಕಂಡಿದೆ. ಕಂಡದ್ದಕ್ಕೇ ಇಟ್ಟಿದ್ದೇನೆ. ಬೆಟ್ಟದ ಮೇಲೆ ಹೋಗಿ ಕೂತ ಮಾತ್ರಕ್ಕೆ ಆಕಾಶ ನಿನ್ನಪ್ಪನ ಆಸ್ತಿಯಾಗುವುದಿಲ್ಲ. ನಿನ್ನಪ್ಪ, ಪಾಪ, ಇದ್ದಷ್ಟು ದಿನ ಚಂದ್ರ ಬಿಟ್ಟರೆ ಇನ್ನೊಂದನ್ನು ಗುರುತಿಸಲಿಲ್ಲ.

ಸಂಪಾದಕರು ಸುಮ್ಮನೆ ಬರೆದರಂತೆ, ನೀನು ಕೇಳಲಿಲ್ಲವಂತೆ. ಬೇಡವೆಂದು ಆ ದಿನವೇ ಬರೆಯುವುದಕ್ಕೆ ಏನು ಅಡ್ಡ ಬಂತು? ಉತ್ತರ ಕೊಟ್ಟಿಲ್ಲ ಎಂದರೆ ಆಸೆ ಇದೆ ಎಂದೇ ಅರ್ಥ. ನಾನೂ ಬದುಕಿನಲ್ಲಿ ಒಂದಷ್ಟು ಮೌನಗಳನ್ನು ನೋಡಿದ್ದೇನೆ.

ನನಗೆ ಹೊಟ್ಟೆಕಿಚ್ಚು ಎಂದು ನಿನಗೆ ಅನ್ನಿಸುತ್ತಿರಬಹುದು. ಹೌದು, ಹೊಟ್ಟೆಕಿಚ್ಚೇ. ನಾಚಿಕೆ ಪಡುವ ವಯಸ್ಸು ದಾಟಿತು, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಧೂಮಕೇತುವನ್ನು ಟೈಲರಮ್ಮ ಕತ್ತರಿಸಿ ತನ್ನ ಹೊಲಿಗೆ ಮೆಷಿನ್ ಮೇಲಿನ ಗೋಡೆಗೆ ಅಂಟಿಸಿದ್ದಾಳೆ. ಮೂವತ್ತೊಂದು ವರ್ಷದ ನನ್ನ ಪುಟಗಳನ್ನು ಅದೇ ಟೈಲರಮ್ಮ ರವಿಕೆಯ ಅಳತೆ ಕತ್ತರಿಸುವುದಕ್ಕೆ ಬಳಸಿದ್ದಾಳೆ, ನಾನೇ ಕೊಟ್ಟಿದ್ದೇನೆ. ಅವಳ ಮನೆಗೆ ಹೋಗುವುದನ್ನು ನಿಲ್ಲಿಸಿದೆ. ಬೇರೆಯವರ ಮಕ್ಕಳ ಮೇಲೆ ಉರಿದರೆ ಎದ್ದು ಬರಬಹುದು. ಸ್ವಂತ ಮಗಳ ಮೇಲೆ ಉರಿದರೆ ಎಲ್ಲಿಗೆ ಹೋಗಬೇಕು?

ಪುಟ ತಗೋ. ಸೂಜಿ ತಗೊಂಡ ಹಾಗೆ ಅದನ್ನೂ ತಗೊಂಡು ಹೋಗು.

ಅಮ್ಮ


ನವೆಂಬರ್ 15

ಅಮ್ಮ,

ಪುಟ ಬೇಡವೆಂದು ಸಂಪಾದಕರಿಗೆ ಬರೆದು ಹಾಕಿದ್ದೇನೆ. ತಿಮಿಂಗಿಲದ ಚುಕ್ಕಿಯ ಲೆಕ್ಕವನ್ನು ನಿನಗೆ ನಾನೇ ತಪ್ಪಾಗಿ ಕಳಿಸಿದ್ದೆ, ತಪ್ಪು ನನ್ನದು ಎಂದೂ ಬರೆದಿದ್ದೇನೆ. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕುತ್ತಾರೆ, ನನ್ನ ಹೆಸರಿನಲ್ಲಿ. ಇಲ್ಲಿಯವರು ನಗುತ್ತಾರೆ, ನಗಲಿ.

ನಿನ್ನ ಪುಟ ನನಗೆ ಯಾವತ್ತೂ ಬೇಕಿರಲಿಲ್ಲ. ಚಿಕ್ಕವಳಿದ್ದಾಗಿನಿಂದ ಬಿಡಿಸಿದ್ದನ್ನೆಲ್ಲ ನಿನಗೆ ತಂದು ತೋರಿಸಿದ್ದೇನೆ. ಬಾಲ ದಪ್ಪ, ಚುಕ್ಕಿ ಒರಟು, ಗೆರೆ ಸೊಟ್ಟ. ನೀನು ಒಂದೇ ಒಂದು ಸಲ ನೋಡಿ "ಸರಿಯಾಗಿದೆ" ಅಂದಿದ್ದರೆ ನಾನು ಈ ಬೆಟ್ಟ ಹತ್ತುತ್ತಿರಲಿಲ್ಲವೇನೋ.

ಇನ್ನು ಬರೆಯುವುದಕ್ಕೆ ಮನಸ್ಸಿಲ್ಲ.

ನಿನ್ನ ಮಗಳು


ಡಿಸೆಂಬರ್ 9

ಗೂಬೆಮರಿಗೆ,

ಅಕ್ಷರ ಇಷ್ಟು ದೊಡ್ಡದಾಗಿದೆ ಎಂದು ಗಾಬರಿಯಾಗಬೇಡ. ಟೈಲರಮ್ಮನಿಂದ ಬರೆಸಬಹುದಿತ್ತು, ಆದರೆ ಅವಳ ಕಿವಿಗೆ ಹಾಕಲಾಗದ ಮಾತುಗಳಿವೆ. ನಿನ್ನ ಪತ್ರಗಳನ್ನು ಆಗಸ್ಟಿನಿಂದ ಓದಿ ಹೇಳುತ್ತಿರುವವಳು ಅವಳೇ. ಜಗಳವಾಡಿ ಅವಳ ಮನೆಗೆ ಹೋಗುವುದು ಬಿಟ್ಟ ಮೇಲೂ ಅವಳೇ ಮೇಲೆ ಬಂದು ಓದುತ್ತಾಳೆ. ನವೆಂಬರಿನ ಪತ್ರ ಓದಿ ಮುಗಿಸಿ ಮೂಗು ಸೀಟಿ, "ನಿಮ್ಮದು ಕಲ್ಲು ಮನಸ್ಸು ಕಣ್ರೀ" ಅಂದಳು. ಹೌದು ಕಣೆ ಅಂದೆ.

ಕಳೆದ ವಾರ ಜನವರಿಯ ಪುಟಕ್ಕೆ ಕೂತೆ. ಐದನೇ ಸೂಜಿ ತೆಗೆಯಲು ಡಬ್ಬಿಗೆ ಕೈ ಹಾಕಿ ಬಟ್ಟೆಯ ಮೇಲೆ ಬೆರಳಾಡಿಸುತ್ತಿದ್ದೆ. ಏನೋ ಚುಚ್ಚಿತು. ಚೆನ್ನಾಗಿಯೇ ಚುಚ್ಚಿತು. ಮೊಂಡು ಮಾಡಿದ ಐದರಲ್ಲಿ ಯಾವುದೂ ಹಾಗೆ ಚುಚ್ಚುವುದಿಲ್ಲ. ಒಂದೊಂದನ್ನೇ ಸವರಿ ಎಣಿಸಿದೆ. ಆರನೇ ಸೂಜಿ ಅದರ ಜಾಗದಲ್ಲೇ ಇತ್ತು. ಇಷ್ಟು ದಿನವೂ ಅಲ್ಲೇ ನಿಂತಿತ್ತು. ನಾನು ನೇರ ದಿಟ್ಟಿಸಿ ನೋಡುತ್ತಿದ್ದೆ, ಅದಕ್ಕೇ ಕಾಣಲಿಲ್ಲ.

ಮೇ ತಿಂಗಳಲ್ಲಿ ನೀನು ಆ ಡಬ್ಬಿ ತೆಗೆದು ಒರೆಸಿಟ್ಟದ್ದು ನನಗೆ ನೆನಪಿದೆ. ಸೂಜಿ ಅಲ್ಲಿದೆ ಎಂದು ನಿನಗೆ ಗೊತ್ತಿತ್ತು. ಆದರೂ ಕದ್ದೆ ಎಂದು ಒಪ್ಪಿಕೊಂಡೆ. ಆಮೇಲೆ ತಿಮಿಂಗಿಲದ ತಪ್ಪನ್ನೂ ಮೈಮೇಲೆ ಹಾಕಿಕೊಂಡೆ. ನಾನು ಏನು ಮಾಡಿದೆ ಎಂದು ನಿನಗೆ ಗೊತ್ತಿದ್ದೂ ಹಾಗೆ ಬರೆದೆಯಲ್ಲ, ನಿನ್ನ ಮೇಲೆ ಇನ್ನೂ ಕೋಪ ಬಂತು. ಒಳ್ಳೆಯತನದಲ್ಲೂ ನನ್ನನ್ನು ಹಿಂದೆ ಹಾಕಿದೆ ಎಂದು.

ಡಾಕ್ಟರ ಹತ್ತಿರ ಹೋಗಿದ್ದೆ. ಕಣ್ಣಿನ ನಟ್ಟನಡುವಿನ ನೋಟ ಸವೆದುಹೋಗಿದೆಯಂತೆ, ಎರಡೂ ಕಣ್ಣಿನಲ್ಲಿ. ಹೋದದ್ದು ವಾಪಸು ಬರುವುದಿಲ್ಲ, ಅಂಚು ಉಳಿಯುತ್ತದೆ. "ಸ್ವಲ್ಪ ಪಕ್ಕಕ್ಕೆ ನೋಡೋದನ್ನ ಅಭ್ಯಾಸ ಮಾಡ್ಕೊಳ್ಳಿ ಅಮ್ಮ" ಅಂದರು ಡಾಕ್ಟರು. ನನಗೆ ನಗು ತಡೆಯಲಾಗಲಿಲ್ಲ. ಆ ಹುಡುಗ ಹುಟ್ಟುವ ಮೊದಲಿನಿಂದ ನಾನು ಅದನ್ನೇ ಮಾಡುತ್ತಿದ್ದೇನೆ. ಒಂದು ವರ್ಷದಿಂದ ನಾನು ಆಕಾಶ ನೋಡಿ ಬಿಡಿಸಿಲ್ಲ ಕಣೆ. ಹಳೆಯ ಹಾಳೆಗಳನ್ನು ಕಿಟಕಿಯ ಗಾಜಿಗೆ ಅಂಟಿಸಿ, ಮೇಲೆ ಹೊಸ ಕಾಗದ ಇಟ್ಟು, ಹಗಲಲ್ಲೇ ತಿದ್ದುತ್ತಿದ್ದೆ. ಐದು ಸೂಜಿಗೆ ಸಿಗುವಷ್ಟು.

ಈಗ ಟೈಲರಮ್ಮನಿಗೆ ಹೇಳಲಾಗದ ಮಾತು.

ನಿನಗೆ ಒಂಬತ್ತು ವರ್ಷ. ಮಹಡಿಯ ಮೇಲೆ ನಿನಗೆ ಮೊದಲ ಸಲ ಹಲಗೆ, ಪೆನ್ಸಿಲು ಕೊಟ್ಟು ಕೃತ್ತಿಕೆಯನ್ನು ಬಿಡಿಸು ಅಂದೆ. ಎಲ್ಲರಿಗೂ ಅಲ್ಲಿ ಆರು ಚುಕ್ಕಿ ಕಾಣುತ್ತದೆ, ಕಣ್ಣು ಚುರುಕಿದ್ದರೆ ಏಳು. ನನಗೆ ಏಳು. ಅದರ ಬಗ್ಗೆ ನನಗೆ ಎಷ್ಟು ಜಂಬ ಇತ್ತೆಂದು ನಿನಗೆ ತಿಳಿಯದು. ನೀನು ಹನ್ನೊಂದು ಬಿಡಿಸಿದೆ. ನಾನು, "ಸುಳ್ಳು ಚುಕ್ಕಿ ಇಡಬೇಡ, ಕಂಡಷ್ಟು ಮಾತ್ರ ಇಡು" ಎಂದು ಬೈದೆ. "ಕಾಣುತ್ತಮ್ಮ" ಅಂದೆ ನೀನು. ರಬ್ಬರ್ ಕೈಗೆ ಕೊಟ್ಟು ನಾಲ್ಕನ್ನು ಅಳಿಸಿಸಿದೆ. ಅಳುತ್ತಾ ಅಳಿಸಿದೆ ನೀನು.

ಮರುದಿನ ಶಾಲೆಯೊಂದರಿಂದ ದುರ್ಬೀನು ಕೇಳಿ ತಂದು ನೋಡಿದೆ. ಕಾಗದದಲ್ಲಿ ನೀನು ಅಳಿಸಿದ ಗುರುತು ಇನ್ನೂ ಇತ್ತು. ನಾಲ್ಕೂ ಚುಕ್ಕಿ ನೀನು ಇಟ್ಟ ಜಾಗದಲ್ಲೇ ಇದ್ದವು, ಒಂದು ಕೂದಲೆಳೆ ತಪ್ಪಿಲ್ಲ. ನಿನಗೆ ಹೇಳಲಿಲ್ಲ. ಆಮೇಲೆ ಹೇಳೋಣ, ನಾಳೆ ಹೇಳೋಣ ಅಂದುಕೊಂಡೆ. ಇಪ್ಪತ್ತೊಂದು ವರ್ಷವಾಯಿತು. ಉರಿ ಪೇಪರಿನ ಧೂಮಕೇತುವಿನಿಂದ ಶುರುವಾದದ್ದಲ್ಲ ಕಣೆ, ಆ ದಿನದಿಂದಲೇ ಇತ್ತು. ನೀನು ತಂದು ತೋರಿಸಿದ ಪ್ರತಿ ಚಿತ್ರದಲ್ಲೂ ತಪ್ಪು ಹುಡುಕಿದ್ದು ಅದಕ್ಕೇ.

ಸಂಪಾದಕರಿಗೆ ಎಲ್ಲ ಹೇಳಿದ್ದೇನೆ, ತಿಮಿಂಗಿಲ ನನ್ನದೇ ಎಂದೂ. ಪುಟ ನಿನ್ನದು. ಇದು ಸಿಟ್ಟಿನಲ್ಲಿ ಹೇಳಿದ್ದಲ್ಲ, ಸಿಟ್ಟು ಇಳಿದ ಮೇಲೆ ಹೇಳಿದ್ದು. ಎರಡು ಷರತ್ತು. ಅಚ್ಚಿಗೆ ಹೋಗುವ ಮೊದಲು ಪುಟ ನನಗೆ ಬರಬೇಕು. ಹೆಸರು ಹಾಕುವಾಗ ನನ್ನದೂ ಇರಬೇಕು, ನಿನ್ನದಕ್ಕಿಂತ ಮೇಲೆ.

ಆರನೇ ಸೂಜಿ ಈ ಪತ್ರದ ಜೊತೆ ರಟ್ಟಿಗೆ ಚುಚ್ಚಿದೆ. ಈಗ ನಿಜವಾಗಿ ತಗೋ. ಉಳಿದ ಐದು ಕೊಡುವುದಿಲ್ಲ. ನೀನೇ ಮಾಡಿಕೋ.

ಅಮ್ಮ


ಜನವರಿ 12

ಅಮ್ಮ,

ಫೆಬ್ರವರಿಯ ಪುಟ ಇದರ ಜೊತೆ ಇದೆ. ಶಾಯಿ ಹಾಕಿದ್ದು ಇಲ್ಲಿ ನನ್ನ ಮೇಜಿನ ಮೇಲಿದೆ. ನಿನಗೆ ಕಳಿಸಿದ್ದು ದಪ್ಪ ಕಾಗದದ ಇನ್ನೊಂದು ಪ್ರತಿ, ಇದರಲ್ಲಿ ಶಾಯಿಯೇ ಇಲ್ಲ. ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ, ಕಾಗದವನ್ನು ಬೋರಲು ಹಾಕಿ, ಬೆನ್ನಿನಿಂದ ಸೂಜಿಗಳನ್ನು ಒತ್ತಿದ್ದೇನೆ. ತಿರುಗಿಸಿದರೆ ಚುಕ್ಕಿಗಳು ಮೇಲೆದ್ದು ನಿಂತಿರುತ್ತವೆ. ದಬ್ಬಣದ್ದು ದಪ್ಪ ಗುಳ್ಳೆ, ಆರನೆಯದ್ದು ಬರೀ ತರಿ. ಐದು ಸೂಜಿ ಹೊಸದಾಗಿ ಮಾಡಿಕೊಂಡೆ. ಉಜ್ಜಿ ಉಜ್ಜಿ ಹೆಬ್ಬೆರಳು ಸುಲಿಯಿತು.

ಮೂಲೆಯ ಚೌಕದಲ್ಲಿ ಕೃತ್ತಿಕೆಯನ್ನು ದೊಡ್ಡದು ಮಾಡಿ ಹಾಕಿದ್ದೇನೆ. ನಿನ್ನ ಡಿಸೆಂಬರಿನ ಪತ್ರ ಬಂದ ದಿನ ನಾನು ಕೆಲಸಕ್ಕೆ ಹೋಗಲಿಲ್ಲ. ಅದರ ಬಗ್ಗೆ ಇಷ್ಟೇ ಬರೆಯಲು ಸಾಧ್ಯ.

ತಪ್ಪಿದ್ದರೆ ಹೇಳು. ನೀನು ಸರಿ ಅನ್ನದೆ ಅಚ್ಚಿಗೆ ಕೊಡುವುದಿಲ್ಲ.

ಗೂಬೆಮರಿ


ಜನವರಿ 21

ಗೂಬೆಮರಿಗೆ,

ಪುಟ ಬಂತು. ಟೈಲರಮ್ಮನನ್ನು ಕೆಳಗೆ ಕಳಿಸಿ, ಬಾಗಿಲು ಹಾಕಿಕೊಂಡು ಮೇಜಿನ ಮುಂದೆ ಕೂತೆ. ಕೈ ತೊಳೆದು ಒರೆಸಿಕೊಂಡೆ.

ಮೊದಲು ರೋಹಿಣಿಯನ್ನು ಹುಡುಕಿದೆ. ಕೃತ್ತಿಕೆಯಿಂದ ಎಡಕ್ಕೆ, ಒಂಚೂರು ಕೆಳಗೆ ಇರಬೇಕು. ಎಡಕ್ಕೆ ಹೋದೆ, ಏನೂ ಇಲ್ಲ. ಇನ್ನೂ ಹೋದೆ, ಕಾಗದದ ಅಂಚೇ ಬಂತು. ಕಣ್ಣು ಹೋದದ್ದಲ್ಲದೆ ಬೆರಳೂ ಹೋಯಿತೇನೋ ಅಂದುಕೊಂಡೆ. ಆಮೇಲೆ ಬಲಕ್ಕೆ ಬಂದೆ. ಅಲ್ಲಿ ಕೂತಿದ್ದಾಳೆ ಮಹಾರಾಯಿತಿ ರೋಹಿಣಿ, ದಬ್ಬಣದ ಗುಳ್ಳೆ. ಅವಳ ಹಿಂದೆ ಮಹಾವ್ಯಾಧನೂ ಬಲಗಡೆಯೇ, ಪಟ್ಟಿ ಕಟ್ಟಿಕೊಂಡು ಹಿಂದುಮುಂದಾಗಿ ನಿಂತಿದ್ದಾನೆ.

ಬೆನ್ನಿನಿಂದ ಒತ್ತುವಾಗ ನಕ್ಷೆಯನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಒತ್ತಬೇಕು ಕಣೆ, ದಡ್ಡಿ. ಇದ್ದ ಹಾಗೆ ಒತ್ತಿದ್ದೀಯ. ಮಗುಚಿದ ಮೇಲೆ ಪೂರ್ವ ಬಲಕ್ಕೆ ಹೋಗಿದೆ. ವರ್ಷಕ್ಕೊಮ್ಮೆ ಬರೆಯುವ ಆ ಮಹನೀಯರಿಗೆ ಇದನ್ನು ಕಳಿಸಿದರೆ ಜೀವಮಾನದಲ್ಲಿ ಮೊದಲ ಸಲ ಒಪ್ಪುತ್ತಾರೆ. ಎರಡು ವರ್ಷ ವೀಕ್ಷಣಾಲಯದಲ್ಲಿದ್ದವಳು, ಪೇಪರಿನಲ್ಲಿ ಹೆಸರು ಬಂದವಳು, ಇಡೀ ಆಕಾಶವನ್ನೇ ಬೋರಲು ಹಾಕಿ ಅಂಚೆಗೆ ಹಾಕಿದ್ದಾಳೆ. ನಾನು ಒಬ್ಬಳೇ ಜೋರಾಗಿ ನಕ್ಕೆ. ಟೈಲರಮ್ಮ ಕೆಳಗಿನಿಂದ ಏನಾಯಿತು ಎಂದು ಕೂಗಿದಳು. ಎಷ್ಟೋ ತಿಂಗಳ ಮೇಲೆ ನನ್ನ ಮನಸ್ಸಿಗೆ ಇಷ್ಟು ಹಿತವಾಗಿತ್ತು.

ಆಮೇಲೆ ಒಂದು ಅನುಮಾನ ಬಂತು. ಸೂಜಿ ಕದಿಯದೆ ಕದ್ದೆ ಎಂದವಳು ನೀನು. ತಪ್ಪು ಮಾಡದೆ ತಪ್ಪು ನನ್ನದು ಎಂದವಳು. ಮುದುಕಿಗೆ ತಿದ್ದುವುದಕ್ಕೆ ಏನಾದರೂ ಇರಲಿ ಎಂದು ಬೇಕೆಂದೇ ಮಾಡಿದೆಯಾ? ಮಾಡಿದ್ದರೆ ಹೇಳಬೇಡ. ಯಾವತ್ತೂ ಹೇಳಬೇಡ.

ಹೊಟ್ಟೆಕಿಚ್ಚು ಹೋಯಿತು ಎಂದು ತಿಳಿಯಬೇಡ. ರಾತ್ರಿ ನೀನು ತಲೆಯೆತ್ತಿದರೆ ಎಲ್ಲವೂ ನೆಟ್ಟಗೆ, ನೇರಕ್ಕೆ ನಿನಗೆ ಕಾಣುತ್ತದೆ ಎಂದು ನೆನೆಸಿಕೊಂಡರೆ ಈಗಲೂ ಉರಿಯುತ್ತದೆ. ಉರಿಯಲಿ. ಅದೂ ನನ್ನ ಜೊತೆಗೇ ಇರುತ್ತದೆ.

ಪುಟವನ್ನು ತಿರುಗಿಸಿ ಹೊಸದಾಗಿ ಒತ್ತಿ ಕಳಿಸು. ರೋಹಿಣಿಯ ಪಕ್ಕದ ಗುಂಪಿನಲ್ಲಿ ಮೂರನೇ ಸೂಜಿ ಎರಡು ಕಡೆ ಜಾಸ್ತಿ ಒತ್ತಿದೆ, ನೋಡಿಕೋ.

ಮೂಲೆಯ ಚೌಕವನ್ನು ಕೊನೆಗೆ ಇಟ್ಟುಕೊಂಡಿದ್ದೆ. ಏಳು ಬೇಗ ಸಿಕ್ಕವು. ಉಳಿದದ್ದಕ್ಕೆ ಬೆರಳನ್ನು ನೇರ ಒತ್ತಿದರೆ ಏನೂ ತಿಳಿಯಲಿಲ್ಲ. ಪಕ್ಕದಿಂದ, ಉಗುರಿನ ಅಂಚಿನಲ್ಲಿ, ಸವರಿದ ಹಾಗೆ ಹೋದೆ. ಎಂಟು ಬಂತು. ಒಂಬತ್ತು ಬಂತು. ಹತ್ತಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಹನ್ನೊಂದೂ ಇವೆ. ಆ ದಿನ ನೀನು ಇಟ್ಟ ಲೆಕ್ಕವೇ.

ಸರಿಯಾಗಿದೆ. ಒಂದನ್ನೂ ಅಳಿಸಬೇಡ.

ಅಮ್ಮ